ಕ್ಯಾಮೆರಾ ಬೇಡ, ಎಡಿಟಿಂಗ್ ಟೇಬಲ್ ಕೊಡಿ

ನಮ್ಮ ಕನ್ನಡ ಸಂಘದ ವಾಟ್ಸ್ಯಾಪ್ ಗ್ರೂಪಲ್ಲಿ ಎರಡು ವಾರದಿಂದ ಒಂದೇ ಚರ್ಚೆ ನಡೀತಿದೆ. ಈ ವರ್ಷ ಸಂಘಕ್ಕೆ ಸಿಗೋ ದುಡ್ಡಲ್ಲಿ 80,000 ರೂಪಾಯಿ ಎತ್ತಿಟ್ಟು ಒಂದು ಒಳ್ಳೆ ಮಿರರ್‌ಲೆಸ್ ಕ್ಯಾಮೆರಾ ತಗೋಬೇಕಂತೆ. ಹಾಗೆ ಮಾಡಿದ್ರೆ ನಮ್ಮಲ್ಲೂ ಚೆನ್ನಾಗಿರೋ ಶಾರ್ಟ್ ಫಿಲ್ಮ್‌ಗಳು ಬರ್ತವಂತೆ. ಗ್ರೂಪಲ್ಲಿ ಇಪ್ಪತ್ತಮೂರು ಜನ ಥಂಬ್ಸ್ ಅಪ್ ಹಾಕಿದ್ದಾರೆ. ನಾನು ಹಾಕಿಲ್ಲ. ಯಾಕೆ ಹಾಕಿಲ್ಲ ಅಂತ ಗ್ರೂಪಲ್ಲಿ ಹೇಳೋಕೆ ಹೋದ್ರೆ ಮೂರನೇ ಸಾಲಿಗೆ ಯಾರೋ ಸ್ಟಿಕ್ಕರ್ ಕಳಿಸ್ತಾರೆ. ಅದಕ್ಕೇ ಇಲ್ಲಿ ಬರೀತಿದೀನಿ.

ಮೊದಲು ಒಂದು ಲೆಕ್ಕ. ಹೋದ ವರ್ಷ ನಮ್ಮ ಕಾಲೇಜಲ್ಲಿ ನನಗೆ ಗೊತ್ತಿರೋ ಹಾಗೆ ಆರು ಶಾರ್ಟ್ ಫಿಲ್ಮ್‌ಗಳು ಶುರುವಾದವು. ಆರಕ್ಕೂ ಪೋಸ್ಟರ್ ಬಂತು. ಐದು ಶೂಟ್ ಆದವು. ಮುಗಿದದ್ದು ಎರಡು. ಆ ಎರಡರಲ್ಲಿ ಒಂದರ ಡೈಲಾಗ್ ಫ್ಯಾನ್ ಸದ್ದಿನ ಹಿಂದೆ ಎಲ್ಲೋ ಕೇಳಿಸ್ತಿತ್ತು. ಉಳಿದ ಮೂರು ಎಲ್ಲಿವೆ? ಒಂದು ತಂಡದವರನ್ನ ಕೇಳ್ದೆ. ಎಂಟು ನಿಮಿಷದ ಕಥೆಗೆ ಹನ್ನೊಂದು ಗಂಟೆ ಶೂಟ್ ಮಾಡಿದ್ರು, 212 ಜಿಬಿ. ಅಷ್ಟೂ ಒಬ್ಬ ಸೀನಿಯರ್ ಲ್ಯಾಪ್‌ಟಾಪಲ್ಲಿತ್ತು. ಅವರಿಗೆ ಕೆಲಸ ಸಿಕ್ತು, ಹೊಸ ಲ್ಯಾಪ್‌ಟಾಪ್ ಬಂತು, ಹಳೇದನ್ನ ಫಾರ್ಮ್ಯಾಟ್ ಮಾಡಿ ತಂಗಿಗೆ ಕೊಟ್ರು. ಕಥೆ ಮುಗೀತು. ಸಿನಿಮಾ ಮುಗೀಲಿಲ್ಲ.

ಇದರಲ್ಲಿ ಯಾವ ಸಿನಿಮಾ ಕ್ಯಾಮೆರಾ ಇಲ್ಲದೆ ನಿಂತಿದ್ದು? ಒಂದೂ ಇಲ್ಲ. ಎಲ್ಲರ ಜೇಬಲ್ಲೂ 4ಕೆ ಫೋನ್ ಇದೆ. ನಮ್ಮಲ್ಲಿ ಇಲ್ದೇ ಇರೋದು ಎರಡು: ಕಡಿಮೆ ಶೂಟ್ ಮಾಡೋ ಅಭ್ಯಾಸ, ಮತ್ತೆ ಶೂಟ್ ಮಾಡಿದ್ದನ್ನ ಕೂತು ಮುಗಿಸೋಕೆ ಒಂದು ಜಾಗ.

3600 ಫ್ರೇಮ್ ಅಂದ್ರೆ ಎಷ್ಟು?

ಈ ಮಾತು ನನಗೆ ಹೊಳೆದದ್ದು ಒಂದು ಹಳೇ ಡಬ್ಬದಿಂದ. ನಮ್ಮ ಗುಂಪಲ್ಲಿರೋ ಸಿವಿಲ್ ಬ್ರಾಂಚ್‌ನವನ ಮನೆ ಚಾಮರಾಜಪೇಟೆ. ಅವನ ತಾತನ ಅಟ್ಟದಲ್ಲಿ ಒಂದು ಸೂಪರ್ 8 ಕ್ಯಾಮೆರಾ ಇತ್ತು. ಸೂಪರ್ 8 ಅಂದ್ರೆ ಕೊಡಾಕ್ ಕಂಪನಿ 1965ರಲ್ಲಿ ಮನೆಮಂದಿ ಬಳಸಲಿ ಅಂತ ತಂದ ಚಿಕ್ಕ ಫಿಲ್ಮು. ಅಗಲ 8 ಮಿಲಿಮೀಟರ್. ಒಂದೊಂದು ಚಿತ್ರದ ಚೌಕ 5.79 ಬೈ 4.01 ಮಿಲಿಮೀಟರ್, ನಮ್ಮ ಕಿರುಬೆರಳ ಉಗುರಿಗಿಂತ ಚಿಕ್ಕದು. ಒಂದು ಕಾರ್ಟ್ರಿಜ್‌ನಲ್ಲಿ 50 ಅಡಿ ಫಿಲ್ಮ್ ಇರುತ್ತೆ, ಅಡಿಗೆ 72 ಫ್ರೇಮ್, ಒಟ್ಟು 3600. ಸೆಕೆಂಡಿಗೆ 24 ಫ್ರೇಮ್ ಓಡಿಸಿದ್ರೆ ಎರಡೂವರೆ ನಿಮಿಷಕ್ಕೆ ಖಾಲಿ. 18 ಓಡಿಸಿದ್ರೆ 3 ನಿಮಿಷ 20 ಸೆಕೆಂಡ್. ಅಷ್ಟೇ. ಡಿಲೀಟ್ ಬಟನ್ ಇಲ್ಲ, ತಿರುಗಿ ನೋಡೋಕೆ ಸ್ಕ್ರೀನೂ ಇಲ್ಲ.

ನಾವು ನಾಲ್ಕು ಜನ ಸೇರಿ ಎರಡು ಕಾರ್ಟ್ರಿಜ್‌ನಲ್ಲಿ ಒಂದು ಸಿನಿಮಾ ಮಾಡಿದ್ವಿ. ಜರ್ಮನಿಯಲ್ಲಿ ಓದ್ತಿರೋ ನನ್ನ ಫ್ರೆಂಡ್‌ನ ಅಕ್ಕ ರಜೆಗೆ ಬಂದಾಗ ಫಿಲ್ಮ್ ತಂದುಕೊಟ್ರು, ವಾಪಸ್ ಹೋಗುವಾಗ ತಗೊಂಡು ಹೋಗಿ ಅಲ್ಲೇ ತೊಳೆಸಿ, ಸ್ಕ್ಯಾನ್ ಮಾಡಿಸಿ, ಫೈಲ್ ಕಳಿಸಿದ್ರು. ಏರ್‌ಪೋರ್ಟಲ್ಲಿ ದೊಡ್ಡ ಬ್ಯಾಗಿಗೆ ಹಾಕಬಾರದು, ಅಲ್ಲಿನ ಎಕ್ಸ್‌ರೇ ಜೋರು, ಫಿಲ್ಮ್ ಮಂಕಾಗುತ್ತೆ ಅಂತ ಕೈಯಲ್ಲೇ ಹಿಡ್ಕೊಂಡು ಹೋದ್ರು. ಎಲ್ಲ ಸೇರಿ 18,000 ರೂಪಾಯಿ ಹತ್ತಿರ ಆಯ್ತು. ಇದು ಅಗ್ಗ ಅಂತ ನಾನು ಹೇಳಲ್ಲ. ಎಲ್ಲರೂ ಫಿಲ್ಮಲ್ಲೇ ತೆಗೀರಿ ಅಂತಾನೂ ಹೇಳಲ್ಲ. ಕೊಡಾಕ್ 2023ರಲ್ಲಿ ಹೊಸ ಸೂಪರ್ 8 ಕ್ಯಾಮೆರಾ ಬಿಟ್ಟಿದೆ, ಆಗ ಅದರ ಬೆಲೆ 5,495 ಡಾಲರ್ ಇತ್ತು. ಅದು ನಮ್ಮಂಥವರಿಗಲ್ಲ, ಬಿಡಿ. ಆದ್ರೆ ಆ ಎರಡು ಕಾರ್ಟ್ರಿಜ್ ಕಲಿಸಿದ ಪಾಠಕ್ಕೆ ಫಿಲ್ಮ್ ಬೇಕಾಗಿಲ್ಲ. ಅದನ್ನೇ ಹೇಳೋಕೆ ಹೊರಟಿದ್ದು.

ಗ್ರೇವಾಲ್ ಪುಸ್ತಕದ ಪ್ರಯಾಣ

ನಮ್ಮ ಸಿನಿಮಾದ ಹೀರೋ ಒಂದು ಪುಸ್ತಕ. ಬಿ.ಎಸ್. ಗ್ರೇವಾಲ್ ಅವರ ‘ಹೈಯರ್ ಎಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್’. ಪರಿಚಯ ಬೇಡ ತಾನೆ? ಅದು ಅವೆನ್ಯೂ ರಸ್ತೆಯ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ಹಾಸ್ಟೆಲಿಗೆ ಬರುತ್ತೆ, ಸೆಮ್ ಮುಗಿದ ಮೇಲೆ ಅದೇ ಅಂಗಡಿಗೆ ವಾಪಸ್ ಹೋಗುತ್ತೆ. ನಾವು ತಗೊಂಡ ಪ್ರತಿಯ ಮೊದಲ ಪುಟದಲ್ಲಿ ಹಿಂದಿನ ಮೂರು ಜನರ ಯುಎಸ್‌ಎನ್ ಇತ್ತು. ಲ್ಯಾಪ್ಲಾಸ್ ಚಾಪ್ಟರಿನ ಒಂದು ಲೆಕ್ಕದ ಪಕ್ಕ ಯಾರೋ ಪೆನ್ಸಿಲಲ್ಲಿ ‘ಇದು ಬರಲ್ಲ, ಬಿಡು’ ಅಂತ ಬರೆದಿದ್ರು. ಅದರ ಕೆಳಗೆ ಬೇರೆ ಅಕ್ಷರದಲ್ಲಿ ‘ಬಂತು’ ಅಂತ ಇತ್ತು. ಸಿನಿಮಾ ಅಲ್ಲೇ ಇತ್ತು, ನಾವು ತೆಗೆದ್ವಿ ಅಷ್ಟೇ.

ಅವೆನ್ಯೂ ರಸ್ತೆ ನಿಮಗೆ ಗೊತ್ತು. ಮೈಸೂರು ಬ್ಯಾಂಕ್ ಸರ್ಕಲ್‌ನಿಂದ ಕೆ.ಆರ್. ಮಾರ್ಕೆಟ್ ತನಕ. ಹಳೇ ಹೆಸರು ದೊಡ್ಡಪೇಟೆ. ಪುಸ್ತಕ, ಮದುವೆ ಕಾರ್ಡು, ಲೆಕ್ಕದ ಬುಕ್ಕು, ಚಿನ್ನ, ಕೈಗಾಡಿ, ಸ್ಕೂಟರು, ಎಲ್ಲ ಒಂದೇ ಬೀದೀಲಿ. ಫೋನ್ ಕೈಲಿದ್ರೆ ಅಲ್ಲಿ ಎರಡು ಗಂಟೆ ಸುಮ್ನೆ ರೆಕಾರ್ಡ್ ಮಾಡ್ತಾ ಹೋಗಬಹುದು. ನಮ್ಮತ್ರ ಇದ್ದದ್ದು 400 ಸೆಕೆಂಡ್. ಹಾಗಾಗಿ ನಾವು ಮೂರು ಶನಿವಾರ ಕ್ಯಾಮೆರಾ ಇಲ್ಲದೆ ಹೋದ್ವಿ. ಎಷ್ಟು ಹೊತ್ತಿಗೆ ಯಾವ ಕಡೆ ಬಿಸಿಲು ಬೀಳುತ್ತೆ, ಯಾವ ಅಂಗಡಿಯ ಮುಂದೆ ಲೋಡ್ ಇಳಿಸ್ತಾರೆ, ಪುಸ್ತಕದ ಗೋಪುರದ ಹಿಂದಿಂದ ಅಂಗಡಿಯವರ ಮುಖ ಯಾವಾಗ ಕಾಣುತ್ತೆ, ಎಲ್ಲ ಬರ್ಕೊಂಡ್ವಿ. ಹಳೇ ಲ್ಯಾಬ್ ರೆಕಾರ್ಡ್ ಹಾಳೆಗಳ ಹಿಂದೆ 52 ಶಾಟ್‌ಗಳ ಪಟ್ಟಿ ಆಯ್ತು. ಸರಾಸರಿ ಶಾಟಿಗೆ ಏಳೆಂಟು ಸೆಕೆಂಡ್.

ಅಂಗಡಿಯವರ ಹತ್ರ ಕೇಳಿಯೇ ತೆಗೆದದ್ದು. ಮೊದಲ ದಿನ ಒಬ್ರು ಕೇಳಿದ್ರು: “ಏನಪ್ಪಾ, ರೀಲ್ಸಾ?”

“ಅಲ್ಲ ಅಣ್ಣಾ, ಫಿಲ್ಮು. ರೀಲು.”

“ಅದನ್ನೇ ನಾನೂ ಕೇಳಿದ್ದು.”

ಮೂರನೇ ಶನಿವಾರದ ಹೊತ್ತಿಗೆ ಅವರೇ ಟೀ ಹೇಳೋಕೆ ಶುರು ಮಾಡಿದ್ರು. ಶೂಟ್ ದಿನ ಅವರು ಕ್ಯಾಮೆರಾ ನೋಡಲೇ ಇಲ್ಲ, ಯಾಕಂದ್ರೆ ನಾವು ಆಗಲೇ ಅಲ್ಲಿನ ಹುಡುಗರಾಗಿದ್ವಿ. ಈ ಮೂರು ಶನಿವಾರವನ್ನ ಯಾವ ಮಿರರ್‌ಲೆಸ್ ಕ್ಯಾಮೆರಾನೂ ಕೊಡಲ್ಲ. ಫಿಲ್ಮ್ ಕಡಿಮೆ ಇದ್ದದ್ದರಿಂದ ನಮಗೆ ಅದು ಸಿಕ್ತು.

ಇನ್ನೊಂದು ವಿಷಯ ಇಸಿ, ಇಇಇ ಅವರಿಗೆ ಇಷ್ಟ ಆಗಬಹುದು. ಆ ಕ್ಯಾಮೆರಾದ ಲೈಟ್ ಮೀಟರ್‌ಗೆ ಬೇಕಾದದ್ದು 1.35 ವೋಲ್ಟಿನ ಮರ್ಕ್ಯುರಿ ಸೆಲ್. ಪಾದರಸ ವಿಷ ಅಂತ ಅದನ್ನ ಮಾಡೋದು ನಿಲ್ಲಿಸಿದ್ದಾರೆ. ಈಗ ಸಿಗೋ ಸಿಲ್ವರ್ ಆಕ್ಸೈಡ್ ಸೆಲ್ 1.55 ವೋಲ್ಟ್. ಹಾಗೇ ಹಾಕಿದ್ರೆ ಮೀಟರ್ ತಪ್ಪು ಹೇಳುತ್ತೆ, ಚಿತ್ರ ಕಪ್ಪಾಗುತ್ತೆ. ಪರಿಹಾರ: ಸೆಲ್ ಜೊತೆ ಸೀರೀಸಲ್ಲಿ ಒಂದು ಶಾಟ್ಕಿ ಡಯೋಡ್. ಅಷ್ಟು ಸಣ್ಣ ಕರೆಂಟಿಗೆ ಅದರಲ್ಲಿ ಸುಮಾರು 0.2 ವೋಲ್ಟ್ ಡ್ರಾಪ್ ಆಗುತ್ತೆ, ಲೆಕ್ಕ ಸರಿಹೋಯ್ತು. ಡಯೋಡ್ ಸಿಕ್ಕಿದ್ದು ಎಸ್.ಪಿ. ರೋಡಲ್ಲಿ, ಅವೆನ್ಯೂ ರಸ್ತೆಯಿಂದ ನಡ್ಕೊಂಡು ಹೋಗೋ ದೂರ, ಬೆಲೆ ಒಂದು ಟೀಗಿಂತ ಕಡಿಮೆ. ಮೂರು ಸೆಮ್ ಓದಿದ್ದರಲ್ಲಿ ನನಗೆ ನಿಜವಾಗಿ ಕೆಲಸಕ್ಕೆ ಬಂದ ಮೊದಲ ಸರ್ಕ್ಯೂಟ್ ಅದು.

ಮುಗಿಸೋದು ಅಂದ್ರೆ ಏನು

ಐದು ವಾರ ಆದ್ಮೇಲೆ ಫೈಲ್ ಬಂತು. 7200 ಫ್ರೇಮ್, 7 ಜಿಬಿ ಒಳಗೆ. ಆ 212 ಜಿಬಿ ನೆನಪಿಸಿಕೊಳ್ಳಿ. ನಮ್ಮ ಎಡಿಟಿಂಗ್ ಮಷೀನ್ ಅಂದ್ರೆ ನಮ್ಮಲ್ಲೊಬ್ಬ ಎಸ್.ಪಿ. ರೋಡಲ್ಲಿ 14,000ಕ್ಕೆ ತಗೊಂಡಿದ್ದ ಹಳೇ ಆಫೀಸ್ ಡೆಸ್ಕ್‌ಟಾಪ್. ಯಾವುದೋ ಕಂಪನಿ ಬಿಸಾಕಿದ ಐ5. ಅದಕ್ಕೆ ಇನ್ನೂ 5,000 ಹಾಕಿ ರ‍್ಯಾಮ್ ಮತ್ತೆ ಒಂದು ಎಸ್‌ಎಸ್‌ಡಿ ಸೇರಿಸಿದ. ಸಾಫ್ಟ್‌ವೇರ್ ಕೆಡೆನ್‌ಲೈವ್, ಉಚಿತ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿನೂ ಒಳ್ಳೇದೇ, ಆದ್ರೆ ಲಿನಕ್ಸಲ್ಲಿ ಅದು ನಮ್ಮ ಫೋನಿನ ಎಚ್.264 ಫೈಲ್‌ಗಳನ್ನ ತೆಗೆಯಲ್ಲ, ಮತ್ತೆ ಗ್ರಾಫಿಕ್ಸ್ ಕಾರ್ಡ್ ಕೇಳುತ್ತೆ.

‘ನನ್ನ ಲ್ಯಾಪ್‌ಟಾಪಲ್ಲಿ 4ಕೆ ಓಡಲ್ಲ, ಅದಕ್ಕೇ ಎಡಿಟ್ ನಿಂತಿದೆ’ ಅನ್ನೋ ಮಾತು ಹಾಸ್ಟೆಲಲ್ಲಿ ವಾರಕ್ಕೊಂದ್ಸಲ ಕೇಳಿಸುತ್ತೆ. ಅದಕ್ಕೆ ಉತ್ತರ ಪ್ರಾಕ್ಸಿ. ದೊಡ್ಡ ಫೈಲ್‌ಗಳಿಗೆ ಸಣ್ಣ ನಕಲು ಮಾಡಿಸಿ, ಎಡಿಟ್ ಎಲ್ಲ ನಕಲಿನ ಮೇಲೆ ಮಾಡಿ, ಕೊನೇಲಿ ಎಕ್ಸ್‌ಪೋರ್ಟ್ ಮಾಡುವಾಗ ಸಾಫ್ಟ್‌ವೇರೇ ಅಸಲಿ ಫೈಲ್ ಹಿಡಿಯುತ್ತೆ. ಎಕ್ಸ್‌ಪೋರ್ಟ್‌ಗೆ ರಾತ್ರಿ ಪೂರ್ತಿ ಹಿಡೀಬಹುದು. ಹಿಡೀಲಿ, ನಾವು ಮಲಗಿರ್ತೀವಿ. ಫಿಲ್ಮಿನ ಕಾಲದಲ್ಲೂ ಮಾಡ್ತಿದ್ದದ್ದು ಇದನ್ನೇ. ನೆಗೆಟಿವ್ ಭದ್ರವಾಗಿಟ್ಟು, ವರ್ಕ್‌ಪ್ರಿಂಟ್ ಅಂತ ಒಂದು ನಕಲು ತೆಗೆಸಿ, ಅದನ್ನ ಕತ್ತರಿಸಿ ಅಂಟಿಸಿ, ಎಲ್ಲ ತೀರ್ಮಾನ ಆದ್ಮೇಲೆ ನೆಗೆಟಿವ್ ಮುಟ್ತಿದ್ರು. ಸೂಪರ್ 8 ರಿವರ್ಸಲ್ ಫಿಲ್ಮಲ್ಲಿ ಮನೇಲಿ ಮಾಡ್ತಿದ್ದವರಿಗೆ ಆ ಸೌಲಭ್ಯಾನೂ ಇರಲಿಲ್ಲ. ಇದ್ದದ್ದು ಒಂದೇ ಅಸಲಿ, ಸ್ಪ್ಲೈಸರ್‌ನಲ್ಲಿ ಅದನ್ನೇ ಕತ್ತರಿಸಿ ಟೇಪ್ ಹಚ್ಚಬೇಕು.

ನಮ್ಮ ಕ್ಯಾಮೆರಾ ಓಡಿದ್ದು 18 ಫ್ರೇಮಲ್ಲಿ, ಟೈಮ್‌ಲೈನ್ 24. ಅಂದ್ರೆ 3ಕ್ಕೆ 4. ಪ್ರತಿ ಮೂರು ಫ್ರೇಮಿಗೆ ಒಂದನ್ನ ಎರಡು ಸಲ ತೋರಿಸಿದ್ರೆ ವೇಗ ಸರಿಯಾಗುತ್ತೆ. ಧ್ವನಿಯದ್ದು ಬೇರೆ ಕಥೆ. ಹಳೇ ಮೋಟಾರ್ ಕರೆಕ್ಟಾಗಿ 18ಕ್ಕೆ ಓಡಲ್ಲ. 17.6ಕ್ಕೆ ಓಡಿತು ಅಂದ್ಕೊಳ್ಳಿ, ಶೇಕಡ 2ರಷ್ಟು ವ್ಯತ್ಯಾಸ, ಒಂದು ನಿಮಿಷದಲ್ಲಿ ತುಟಿಗೂ ಮಾತಿಗೂ ಒಂದು ಸೆಕೆಂಡಿಗಿಂತ ಜಾಸ್ತಿ ಅಂತರ. ಅದಕ್ಕೆ ನಾವು ಬಾಯಿ ಆಡಿಸೋ ಶಾಟೇ ಇಟ್ಟಿರಲಿಲ್ಲ. ಬೀದಿಯ ಸದ್ದು, ಪುಟ ತಿರುಗಿಸೋ ಸದ್ದು, ರೇಟ್ ಚೌಕಾಸಿ, ಎಲ್ಲವನ್ನೂ ಬೇರೆ ದಿನ ಸಾಲ ತಂದ ರೆಕಾರ್ಡರ್‌ನಲ್ಲಿ ಹಿಡಿದು ತಂದ್ವಿ. ಎಡಿಟ್‌ಗೆ ಹಿಡಿದ ಒಂದು ತಿಂಗಳಲ್ಲಿ ಚಿತ್ರ ಜೋಡಿಸಿದ್ದು ಒಂದು ವಾರ, ಧ್ವನಿ ಜೋಡಿಸಿದ್ದು ಮೂರು ವಾರ. ಚಿತ್ರ ಸ್ವಲ್ಪ ಮಂಕಾಗಿದ್ರೆ ನೋಡೋರು ಕ್ಷಮಿಸ್ತಾರೆ. ಮಾತು ಕೇಳಿಸದಿದ್ರೆ ಎದ್ದು ಹೋಗ್ತಾರೆ. ನಮ್ಮ ಸೆಮಿನಾರ್ ಹಾಲಲ್ಲಿ ಇದು ಎಷ್ಟು ಸಲ ಆಗಿಲ್ಲ?

ಕೊನೇದು ಟೈಟಲ್. ಕನ್ನಡ ಸಂಘದವರಾಗಿ ಇದರ ಬಗ್ಗೆ ನಮಗೆ ಸ್ವಲ್ಪ ಹಟ ಇರಬೇಕು. ಎಡಿಟಿಂಗ್ ಸಾಫ್ಟ್‌ವೇರಲ್ಲಿ ಕನ್ನಡ ಟೈಪ್ ಮಾಡಿದ್ರೆ ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲಿ ನಿಂತಿರೋದು ನೋಡಿದ್ದೀರಲ್ವಾ? ‘ರಸ್ತೆ’ ಹೋಗಿ ‘ರಸ್‌ತೆ’ ಆಗುತ್ತೆ. ಇದು ಕನ್ನಡದ ದೋಷ ಅಲ್ಲ, ಸೆಟ್ಟಿಂಗ್ ವಿಷಯ. ಪ್ರೀಮಿಯರ್‌ನಲ್ಲಿ ಗ್ರಾಫಿಕ್ಸ್ ಪ್ರಿಫರೆನ್ಸ್‌ಗೆ ಹೋಗಿ ಟೆಕ್ಸ್ಟ್ ಎಂಜಿನ್ ‘ಸೌತ್ ಏಷ್ಯನ್’ ಅಂತ ಬದಲಾಯಿಸಬೇಕು. ಇಲ್ಲಾಂದ್ರೆ ಇಂಕ್‌ಸ್ಕೇಪಲ್ಲಿ ನೋಟೋ ಥರದ ಯೂನಿಕೋಡ್ ಫಾಂಟ್‌ನಲ್ಲಿ ಟೈಟಲ್ ಬರೆದು ಚಿತ್ರವಾಗಿ ತಂದು ಹಾಕಬಹುದು. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು, ಈ ಲೇಖನಾನೂ ಎರಡು ಸಲ ಅಮ್ಮನಿಗೆ ಓದಿಸಿ ಕಳಿಸ್ತಿದೀನಿ. ಆದ್ರೂ ಮುರಿದ ಒತ್ತಕ್ಷರ ಪರದೆ ಮೇಲೆ ಆರು ಅಡಿ ಎತ್ತರ ಕಂಡ್ರೆ ನನಗೂ ಮುಜುಗರ ಆಗುತ್ತೆ.

ಒಟ್ಟು 6 ನಿಮಿಷ 40 ಸೆಕೆಂಡ್ ತೆಗೆದು, 4 ನಿಮಿಷ 10 ಸೆಕೆಂಡಿನ ಸಿನಿಮಾ ಮುಗಿಸಿದ್ವಿ. ಮುಗಿಸಿದ್ವಿ ಅನ್ನೋ ಪದದ ಕೆಳಗೆ ಗೆರೆ ಎಳ್ಕೊಳ್ಳಿ.

ಇದು ನಮ್ಮ ಊರಿಗೆ ಹೊಸದಲ್ಲ

‘ನಾವು ಎಂಜಿನಿಯರಿಂಗ್ ಹುಡುಗರು, ನಮಗ್ಯಾಕೆ ಸಿನಿಮಾ’ ಅಂತ ಒಬ್ಬ ಮೇಷ್ಟ್ರು ನಮ್ಮನ್ನ ಕೇಳಿದ್ರು. ಸರ್, ಈ ಊರಲ್ಲಿ ಸಿನಿಮಾ ಕಲಿಸ್ತಿದ್ದದ್ದೇ ಟೆಕ್ನಿಕಲ್ ಕಾಲೇಜಲ್ಲಿ. ಮೈಸೂರು ಬ್ಯಾಂಕ್ ಸರ್ಕಲ್‌ನಿಂದ ಕೆ.ಆರ್. ಸರ್ಕಲ್ ಕಡೆ ಸ್ವಲ್ಪ ನಡೆದ್ರೆ ಸಿಗೋ ಎಸ್‌ಜೆಪಿ, ಅಂದ್ರೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್, 1943ರಲ್ಲಿ ಶುರುವಾಯ್ತು. ಅದರ ಹಿಂದೆ ವಿಶ್ವೇಶ್ವರಯ್ಯನವರ ಯೋಜನೆ ಇತ್ತು. ಸಿನಿಮಾಟೋಗ್ರಫಿ ಅಲ್ಲಿ ಒಂದು ಡಿಪ್ಲೊಮಾ. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಓದಿ ಮುಂಬೈಗೆ ಹೋಗಿ ಗುರುದತ್ತರ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ತೆಗೆದ್ರು. ಗೋವಿಂದ್ ನಿಹಲಾನಿ ಕೂಡ ಅಲ್ಲಿಯವರೇ. 1959ರ ‘ಕಾಗಜ್ ಕೆ ಫೂಲ್’ನಲ್ಲಿ ಕತ್ತಲೆ ಸ್ಟುಡಿಯೋದೊಳಗೆ ಮೇಲಿಂದ ಒಂದು ಬೆಳಕಿನ ಕೋಲು ಇಳಿಯುತ್ತಲ್ಲ, ಅದನ್ನ ಮೂರ್ತಿಯವರು ಮಾಡಿದ್ದು ಕನ್ನಡಿಗಳಿಂದ ಹೊರಗಿನ ಬಿಸಿಲನ್ನ ಒಳಗೆ ತಿರುಗಿಸಿ. ಕನ್ನಡಿ! ಫಸ್ಟ್ ಪಿಯುಸಿ ಫಿಸಿಕ್ಸೂ ಅಲ್ಲ, ಹೈಸ್ಕೂಲ್ ಪಾಠ. ಮುಂದೆ ಅವರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಕ್ಯಾಮೆರಾಮನ್ ಒಬ್ಬರಿಗೆ ಅದು ಬಂದದ್ದು ಅದೇ ಮೊದಲು.

ಚಿಕ್ಕ ಫಿಲ್ಮಿನ ವಿಷಯಕ್ಕೆ ಬಂದ್ರೆ, 1980ರಲ್ಲಿ ದೀಪಾ ಧನರಾಜ್ ಮತ್ತೆ ಗೆಳೆಯರು ಬೆಂಗಳೂರಲ್ಲಿ ಯುಗಾಂತರ್ ಅಂತ ಒಂದು ಸಿನಿಮಾ ತಂಡ ಕಟ್ಟಿದ್ರು. ಕ್ಯಾಮೆರಾ ನವ್ರೋಜ್ ಕಾಂಟ್ರಾಕ್ಟರ್. ದೊಡ್ಡ ಸಿನಿಮಾದ 35 ಎಂಎಂ ಬಿಟ್ಟು 16 ಎಂಎಂ ಹಿಡಿದ್ರು. ನಾಲ್ಕು ಸಿನಿಮಾ ಮಾಡಿದ್ರು. ಅದರಲ್ಲಿ 1982ರದ್ದು ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯದು, ತಂಬಾಕು ಕಾರ್ಖಾನೆಗಳಲ್ಲಿ ದುಡೀತಿದ್ದ ಹೆಂಗಸರ ಸಂಘಟನೆ, ಮುಷ್ಕರದ ಬಗ್ಗೆ. ಆ ಹೆಂಗಸರ ಜೊತೆ ತಿಂಗಳುಗಟ್ಟಲೆ ಇದ್ದು, ಅವರನ್ನ ಕೇಳಿ, ಅವರಿಂದಲೇ ಅವರ ಸಭೆಗಳನ್ನ ಮತ್ತೆ ನಡೆಸಿ ತೆಗೆದದ್ದು. ಅರ್ಧ ಗಂಟೆಗಿಂತ ಚಿಕ್ಕ ಸಿನಿಮಾ. ಮುಗಿಸಿದ್ರು ಅನ್ನೋ ಒಂದೇ ಕಾರಣಕ್ಕೆ ಅದು ಉಳೀತು, ಮುಂದೆ ಬರ್ಲಿನ್‌ನ ಆರ್ಸೆನಲ್ ಸಂಸ್ಥೆಯ ಮೂಲಕ ಡಿಜಿಟಲ್ ರೂಪಕ್ಕೂ ಬಂತು. 16 ಎಂಎಂನ 100 ಅಡಿ ರೋಲು 24 ಫ್ರೇಮಲ್ಲಿ 2 ನಿಮಿಷ 47 ಸೆಕೆಂಡ್ ಓಡುತ್ತೆ, ಗೊತ್ತಿರಲಿ. ಅವರಿಗೂ ಪ್ರತಿ ಅಡಿಗೆ ಲೆಕ್ಕ ಇತ್ತು.

ಡಿಜಿಟಲ್ ಕಾಲದಲ್ಲೂ ಇದೇ ಕಥೆ. ಪವನ್ ಕುಮಾರ್ 2013ರಲ್ಲಿ ‘ಲೂಸಿಯಾ’ ಮಾಡಿದ್ದು ಜನರಿಂದಲೇ ದುಡ್ಡು ಸೇರಿಸಿ, ಫೋಟೋ ತೆಗೆಯೋಕೆ ಅಂತ ಬಂದ ಕ್ಯಾನನ್ 5ಡಿ ಕ್ಯಾಮೆರಾದಲ್ಲಿ. ಮೈಸೂರಿನ ಚಿದಾನಂದ ಎಸ್. ನಾಯ್ಕ್ ಎಂಬಿಬಿಎಸ್ ಓದಿ ಡಾಕ್ಟರ್ ಆಗಿದ್ದವರು, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಹೋದ್ರು. ಅಲ್ಲಿ ಮಾಡಿದ 16 ನಿಮಿಷದ ಕನ್ನಡ ಸಿನಿಮಾ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ತಂತು. ಶೂಟಿಂಗ್‌ಗೆ ಸಿಕ್ಕಿದ್ದು ನಾಲ್ಕೇ ದಿನ. ಹೌದು, ಅವರ ಹಿಂದೆ ಒಂದು ಸಂಸ್ಥೆ ಇತ್ತು, ಸಲಕರಣೆ ಇತ್ತು. ನನ್ನ ಮಾತೂ ಅದೇ. ಸಂಸ್ಥೆ ಅಂದ್ರೆ ಬರೀ ಕ್ಯಾಮೆರಾ ಅಲ್ಲ, ಮುಗಿಸೋಕೆ ಬೇಕಾದ ಜಾಗ, ಗಡುವು, ಕೂತು ನೋಡಿ ‘ಇದು ಕತ್ತರಿಸು’ ಅನ್ನೋ ಜನ.

ಹಾಗಾದ್ರೆ 80,000ಕ್ಕೆ ಏನು ತಗೋಬೇಕು?

ನಾವು ಎಸ್.ಪಿ. ರೋಡಲ್ಲಿ, ಅದರ ಆಸುಪಾಸಲ್ಲಿ ವಿಚಾರಿಸಿದ ರೇಟು ಇದು:

ಹಳೇ ಆಫೀಸ್ ಡೆಸ್ಕ್‌ಟಾಪ್ 14,000. ರ‍್ಯಾಮ್, ಎಸ್‌ಎಸ್‌ಡಿ 5,000. ಬಣ್ಣ ಸುಮಾರಾಗಿ ಸರಿ ತೋರಿಸೋ ಸೆಕೆಂಡ್ ಹ್ಯಾಂಡ್ ಐಪಿಎಸ್ ಮಾನಿಟರ್ 6,000. ಕಿವಿ ಪೂರ್ತಿ ಮುಚ್ಚೋ ಹೆಡ್‌ಫೋನ್ 3,500. ಒಂದು ಸಣ್ಣ ಆಡಿಯೋ ರೆಕಾರ್ಡರ್ 9,000. 2 ಟಿಬಿ ಹಾರ್ಡ್ ಡಿಸ್ಕ್ ಎರಡು, 12,000. ಒಟ್ಟು 49,500.

ಉಳಿದ 30,500ರಲ್ಲಿ ಬೇಕಾದಾಗ ಕ್ಯಾಮೆರಾ ಬಾಡಿಗೆಗೆ ತರಬಹುದು. ನಿಜವಾಗಿ ಬೇಕಾದಾಗ ಮಾತ್ರ.

ಇದಕ್ಕೆ ಬರೋ ಪ್ರಶ್ನೆಗಳು ನನಗೆ ಗೊತ್ತು. ‘ರಾಜ್ಯೋತ್ಸವ ಕಾರ್ಯಕ್ರಮ ಶೂಟ್ ಮಾಡೋಕೆ ಕ್ಯಾಮೆರಾ ಬೇಕಲ್ಲ?’ ಬೇಕು. ವರ್ಷಕ್ಕೆ ಎರಡು ಮೂರು ದಿನ. ಅದಕ್ಕೆ ಬಾಡಿಗೆ ಸಾಕು. ಉಳಿದ 362 ದಿನ ಅದು ಯಾರದ್ದೋ ಬೀರುವಿನಲ್ಲಿ ಬೀಗ ಹಾಕ್ಕೊಂಡಿರುತ್ತೆ, ಜೂನಿಯರ್‌ಗಳು ಕೇಳೋಕೂ ಹೆದರ್ತಾರೆ. ಎಡಿಟಿಂಗ್ ಮಷೀನ್ ಹಾಗಲ್ಲ, ದಿನಾ ಸಂಜೆ ಯಾರಾದ್ರೂ ಕೂರಬಹುದು.

‘ಎಲ್ಲರ ಹತ್ರ ಲ್ಯಾಪ್‌ಟಾಪ್ ಇದೆಯಲ್ಲ?’ ಎಲ್ಲರ ಹತ್ರ ಇಲ್ಲ. ಇರೋರಲ್ಲೂ ತುಂಬಾ ಜನರದ್ದು 8 ಜಿಬಿ ರ‍್ಯಾಮ್, ತುಂಬಿ ತುಳುಕೋ ಡಿಸ್ಕು. ಅದಕ್ಕಿಂತ ಮುಖ್ಯ, ಲ್ಯಾಪ್‌ಟಾಪ್ ಒಬ್ಬರದ್ದಾಗಿರುತ್ತೆ, ಅವರು ಪಾಸಾಗಿ ಹೋಗ್ತಾರೆ. ಸಿನಿಮಾ ಸಂಘದ್ದಾದ್ರೆ ಅದರ ರಶಸ್ ಕೂಡ ಸಂಘದ ಡಿಸ್ಕಲ್ಲಿರಬೇಕು. ಎರಡು ಡಿಸ್ಕ್ ಕೇಳ್ತಿರೋದು ಅದಕ್ಕೇ. ಒಂದು ಸಂಘದ ರೂಮಲ್ಲಿ, ಇನ್ನೊಂದು ಲೈಬ್ರರಿಯಲ್ಲಿ. ಹಾಸ್ಟೆಲ್ ನೀರಿನ ಟ್ಯಾಂಕ್ ಕತೆ ಗೊತ್ತಿರೋರಿಗೆ ಯಾಕೆ ಎರಡು ಜಾಗ ಅಂತ ಬಿಡಿಸಿ ಹೇಳಬೇಕಾಗಿಲ್ಲ.

‘ಫಿಲ್ಮು, ತಾತನ ಕ್ಯಾಮೆರಾ, ಜರ್ಮನಿ, ಇದೆಲ್ಲ ದುಡ್ಡಿದ್ದವರ ಶೋಕಿ ಅಲ್ವಾ?’ ಈ ಪ್ರಶ್ನೆ ನನ್ನ ಕ್ಲಾಸ್‌ಮೇಟ್ ಒಬ್ಬಳು ನೇರವಾಗೇ ಕೇಳಿದ್ಲು. ಕೇಳಬೇಕಾದದ್ದೇ. 18,000 ಅಂದ್ರೆ ನಮ್ಮಲ್ಲಿ ಕೆಲವರಿಗೆ ಒಂದು ಸೆಮ್‌ನ ಮೆಸ್ ದುಡ್ಡು. ಅದಕ್ಕೇ ನಾನು ಕೇಳ್ತಿರೋದು ಫಿಲ್ಮ್ ಅಲ್ಲ, ಫಿಲ್ಮಿನ ನಿಯಮ. ಅದು ಉಚಿತ. ಸಂಘದ ಸ್ಪರ್ಧೆಗೆ ಮೂರೇ ನಿಯಮ ಸಾಕು. ಒಂದು, ಕಚ್ಚಾ ಶೂಟ್ ಒಟ್ಟು ಹತ್ತು ನಿಮಿಷ ಮೀರಬಾರದು, ರಶಸ್ ಕೂಡ ಜೊತೇಲಿ ಕೊಡಬೇಕು. ಎರಡು, ಸಿನಿಮಾ ನಾಲ್ಕು ನಿಮಿಷದೊಳಗೆ, ಕನ್ನಡ ಟೈಟಲ್ ಸರಿಯಾಗಿ ಕಾಣಬೇಕು, ಮಾತು ಸರಿಯಾಗಿ ಕೇಳಬೇಕು. ಮೂರು, ಶೂಟ್‌ಗೆ ಒಂದು ವಾರ, ಮುಗಿಸೋಕೆ ನಾಲ್ಕು ವಾರ. ಯಾವ ಫೋನ್ ಆದ್ರೂ ಆಗಬಹುದು. ಆಗ ಐಫೋನ್ ಇರೋನಿಗೂ ಹಳೇ ರೆಡ್‌ಮಿ ಇರೋಳಿಗೂ ಇರೋದು ಅದೇ ಹತ್ತು ನಿಮಿಷ. ದುಬಾರಿ ಕ್ಯಾಮೆರಾ ತಂದ್ರೆ ಅದು ಯಾರ ಕೈಗೆ ಹೋಗುತ್ತೆ, ಯಾರ ಕೈಗೆ ಬರಲ್ಲ ಅಂತ ನಿಮಗೂ ಗೊತ್ತು.

ಇನ್ನೊಂದು ಮಾತು. ನಾವು ತೆಗೆದ ಅಂಗಡಿಗಳಲ್ಲಿ ಒಂದರ ಮಾಲೀಕರು ಹೇಳ್ತಿದ್ರು, ಪಿಡಿಎಫ್ ಬಂದ ಮೇಲೆ ನಿಮ್ಮ ವಯಸ್ಸಿನವರು ಬರೋದು ಕಡಿಮೆ, ಮಗನಿಗೆ ಈ ಅಂಗಡಿ ಬೇಡವಂತೆ, ಇನ್ನೆಷ್ಟು ವರ್ಷವೋ ಅಂತ. ಅವರ ಅಂಗಡಿ, ಆ ಪುಸ್ತಕದ ಗೋಪುರ, ‘ವಾಪಸ್ ತಂದ್ರೆ ಅರ್ಧ ರೇಟು’ ಅನ್ನೋ ಅವರ ದನಿ, ನಾಲ್ಕು ನಿಮಿಷದಷ್ಟು ಈಗ ನಮ್ಮ ಹತ್ರ ಇದೆ. ಒಂದು ಪೆನ್‌ಡ್ರೈವ್ ಅವರಿಗೂ ಕೊಟ್ಟಿದೀವಿ. ಹಾಗೇ ಹೋದ ವರ್ಷದ ಆ 212 ಜಿಬಿಯಲ್ಲಿ ಏನಿತ್ತು ಗೊತ್ತಾ? ನಮ್ಮ ಹಳೇ ಕ್ಯಾಂಟೀನ್, ಅದನ್ನ ಒಡೆಯೋ ಮುಂಚಿನ ತಿಂಗಳು. ಅದನ್ನ ಇನ್ನು ಯಾರೂ ತೆಗೆಯೋಕಾಗಲ್ಲ, ಎಷ್ಟು ಲಕ್ಷದ ಕ್ಯಾಮೆರಾ ತಂದ್ರೂ.

ಶುಕ್ರವಾರ ಸಂಜೆ ನಾಲ್ಕೂವರೆಗೆ ಸಂಘದ ಮೀಟಿಂಗ್ ಇದೆ. ಬಜೆಟ್ ಅಲ್ಲೇ ತೀರ್ಮಾನ ಆಗುತ್ತೆ. ರೇಟ್ ಪಟ್ಟಿ ಪ್ರಿಂಟ್ ಹಾಕಿಸ್ಕೊಂಡು ಬರ್ತೀನಿ, ಒಪ್ಪದವರು ನಿಮ್ಮ ಪಟ್ಟಿ ತನ್ನಿ, ಕೂತು ಮಾತಾಡೋಣ. ಥಂಬ್ಸ್ ಅಪ್ ಹಾಕಿದ ಇಪ್ಪತ್ತಮೂರು ಜನಕ್ಕೆ ವಿಶೇಷ ಆಹ್ವಾನ.